ಅಜ್ಜಿ ಕಾದ ಇಪ್ಪತ್ತೆರಡು ಸೆಕೆಂಡು

ಮೇಲಂಗಳ, ಎರಡನೇ ನೆಲೆ
ವರ್ಷ ನಲವತ್ತೊಂದು, ಮೂರನೇ ಬಿತ್ತನೆಯ ಹನ್ನೊಂದನೇ ದಿನ
(ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2196 ಇರಬೇಕು)

ಮಾನ್ಯ ನೀಲಗಂಗಾ ಹೊಸೂರ ಅವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಈ ಕಾಗದವನ್ನು ಮಡಚಿಡಬೇಡಿ. ನಾವು ವರ್ಷಕ್ಕೆ ಮೂರು ಸಲ ಬಿತ್ತುತ್ತೇವೆ, ತಿಂಗಳುಗಳನ್ನು ಮರೆತು ಬಿತ್ತನೆಗಳನ್ನೇ ಎಣಿಸುತ್ತೇವೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರಹಗಳನ್ನು ಓದಿ ಓದಿ ಆದಷ್ಟು ತಿದ್ದಿಕೊಂಡಿದ್ದೇನೆ, ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಇದು ನಿಮ್ಮನ್ನು ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ. ಬರೆಯದೆ ಇರಲಾರದೆ ಬರೆಯುತ್ತಿದ್ದೇನೆ.

ನನ್ನ ಹೆಸರು ಚೆನ್ನಾಂಬಿಕೆ. ಏಳು ವರ್ಷದೊಳಗಿನ ಮಕ್ಕಳು ಕಲಿಯುವ ಜಾಗವನ್ನು ನಾವು ಎಳೆಯರ ಅಂಗಳ ಎನ್ನುತ್ತೇವೆ. ಅಲ್ಲಿ ಮೂವತ್ತು ವರ್ಷದಿಂದ ಕಲಿಸುತ್ತಿದ್ದೇನೆ. ನೀವು ವರ್ಚುವಲ್ ರಿಯಾಲಿಟಿ ಎಂದು ಕರೆದು, ಅಷ್ಟು ಭಾರದ ಕನ್ನಡಕವನ್ನು ಮೂಗಿನ ಮೇಲೆ ಹೊತ್ತು ನೋಡುತ್ತಿದ್ದುದು ನಮ್ಮಲ್ಲಿ ಹೊಕ್ಕುನೋಟವಾಗಿದೆ. ಈಗ ಅದು ಹಣೆಗೆ ಕಟ್ಟುವ ತೆಳು ಪಟ್ಟಿ, ಅಷ್ಟೇ. ನಮ್ಮ ಮಕ್ಕಳು ಬೆಳಗಿನ ಗಂಜಿ ಕುಡಿದು ಪಟ್ಟಿ ಕಟ್ಟಿಕೊಂಡರೆ, ಮಧ್ಯಾಹ್ನದೊಳಗೆ ಹಿಮದ ನಾಡಿನ ಒಂದು ಮನೆ, ಮರಳುಗಾಡಿನ ಒಂದು ಮದುವೆ, ದೋಣಿಯಲ್ಲೇ ಸಂಸಾರ ಹೂಡಿದವರ ಒಂದು ಅಡುಗೆ ನೋಡಿ ಬರುತ್ತಾರೆ. ಯಾರು ಏನು ಉಡುತ್ತಾರೆ, ಯಾವ ದೇವರಿಗೆ ಹೇಗೆ ಕೈ ಮುಗಿಯುತ್ತಾರೆ, ಎಲ್ಲ ಬಾಯಿಪಾಠ. ಇಷ್ಟು ತಿಳಿದ ಮಕ್ಕಳು ಹಿಂದೆಂದೂ ಇರಲಿಲ್ಲ ಎಂದು ನಾನು ಬೀಗುತ್ತಿದ್ದೆ. ನನ್ನ ಜಂಬ ಇಳಿದದ್ದು ಹೋದ ಬಿತ್ತನೆಯಲ್ಲಿ.

ಸಮುದ್ರ ಏರಿ ಕರಾವಳಿಯ ಊರುಗಳನ್ನು ತೆಗೆದುಕೊಂಡ ಮೇಲೆ, ಅಲ್ಲಿಯ ಜನ ಒಂದೊಂದೇ ಗುಂಪಾಗಿ ಘಟ್ಟ ಹತ್ತಿ ನಮ್ಮ ಬಯಲಿಗೆ ಬಂದರು. ಅವರಿಗೆ ಮೇಲೇರಿದವರು ಎಂದು ಹೆಸರು. ನಮ್ಮ ನೆಲೆಯ ಪಕ್ಕದಲ್ಲೇ ಅವರ ನೆಲೆ, ನಡುವೆ ಒಂದು ಕೆರೆ. ಎರಡೂ ಕಡೆಯ ಮಕ್ಕಳಿಗೆ ಒಂದೇ ಅಂಗಳ ಆಗಬೇಕೆಂಬುದು ನನ್ನ ಹನ್ನೆರಡು ವರ್ಷದ ಆಸೆ. ಮೊದಲು ನಿಮ್ಮ ಮಕ್ಕಳು ಬಂದು ನಮ್ಮ ಮನೆಗಳನ್ನು ನೋಡಲಿ, ಆಮೇಲೆ ಮಾತು ಎಂದು ಅವರ ಹಿರಿಯರಾದ ಕುಸುಮಕ್ಕ ಕರೆ ಕಳಿಸಿದರು. ಒಂಬತ್ತು ಮಕ್ಕಳನ್ನು ಕರೆದುಕೊಂಡು ಹೋದೆ. ಐದು ವರ್ಷದ ನನ್ನ ಮೊಮ್ಮಗಳು ಇಂಬನಾ ಅವರಲ್ಲಿ ಒಬ್ಬಳು.

ನೀಲಗಂಗಾ ಅವರೇ, ಆ ದಿನ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮಕ್ಕಳು ಬಾಗಿಲಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನೇರ ಒಳಗೆ ನುಗ್ಗಿ ಮನೆಯ ನಟ್ಟನಡುವೆ ನಿಂತರು. ಒಬ್ಬಳು ಒಲೆಯ ಮೇಲಿನ ಸಾರಿನ ಮಡಕೆಯೊಳಗೆ ತಲೆ ಹಾಕಿದಳು. ಕುಸುಮಕ್ಕ ಇಂಬನಾಳನ್ನು ಮೂರು ಸಲ ಹೆಸರು ಕೇಳಿದರು. ಅವಳು ತುಟಿ ಬಿಚ್ಚದೆ, ಎರಡು ಬೆರಳಿನ ಅಂತರದಲ್ಲಿ ಮುಖವಿಟ್ಟು ಅವರ ಕೆನ್ನೆಯ ಸುಕ್ಕುಗಳನ್ನು ನೋಡಿದಳು. ಆಮೇಲೆ ಹಿಂದಿನಿಂದ ಹೇಗಿದ್ದಾರೆಂದು ನೋಡಲು ಒಂದು ಸುತ್ತು ಬಂದಳು. ಹೊಕ್ಕುನೋಟದಲ್ಲಿ ಹೀಗೇ ತಾನೇ? ಅಲ್ಲಿಯ ಜನಕ್ಕೆ ನಾವು ಕಾಣುವುದಿಲ್ಲ, ಅವರು ಮಾತಾಡಿದರೂ ಯಾರೂ ಉತ್ತರ ಕೊಡಬೇಕಿಲ್ಲ. ಮಗು ಸೊಕ್ಕಿನಿಂದ ಮಾಡಿದ್ದಲ್ಲ. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಕುಸುಮಕ್ಕ ಕೂಗಾಡಲಿಲ್ಲ. "ಈ ಮಕ್ಕಳಿಗೆ ನಾವ್ ಮನ್ಷ್ಯರ್ ಅಂದೇಳಿ ಕಾಂತಿಲ್ಯಾ?" ಎಂದು ನನ್ನನ್ನೇ ಕೇಳಿದರು. ಮಕ್ಕಳನ್ನು ಕರೆದುಕೊಂಡು ಹೊರಟುಬಂದೆ. ಮರುದಿನ, ಒಂದೇ ಅಂಗಳದ ಮಾತು ಬೇಡ ಎಂದು ಅವರ ಕಡೆಯಿಂದ ಸುದ್ದಿ ಬಂತು.

ನಾಲ್ಕು ದಿನ ಸರಿಯಾಗಿ ಅನ್ನ ಸೇರಲಿಲ್ಲ. ಹಳೆಯ ನೋಟಗಳ ಕೋಣೆಯಲ್ಲಿ ಕೂತು ಒಂದೊಂದನ್ನೇ ತಡಕಾಡಿದೆ. ಹಾಗೆ ಸಿಕ್ಕಿದ್ದು ನೀವು ಗುಳೇದಗುಡ್ಡದಲ್ಲಿ ಚಿತ್ರೀಕರಿಸಿದ ನೇಕಾರರ ಮನೆ. ಉಳಿದವರೆಲ್ಲ ಕ್ಯಾಮೆರಾವನ್ನು ಮನೆಯ ನಡುವೆ ಇಟ್ಟಿದ್ದರೆ ನಿಮ್ಮದು ಹೊಸ್ತಿಲಾಚೆ ನಿಂತಿತ್ತು. ಒಳಗೆ ನೂಲಿನ ರಾಟೆ ತಿರುಗಿಸುತ್ತಿದ್ದ ಈರವ್ವಜ್ಜಿ ಕೈ ನಿಲ್ಲಿಸಿ, ನೇರ ನನ್ನ ಕಡೆ ನೋಡಿ ಕೇಳಿದರು: "ಯಾರವ್ವಾ ನೀ? ಹೆಸರೇನು? ಉಂಡೀಯೇನು?"

ಆಮೇಲೆ ಅಜ್ಜಿ ಸುಮ್ಮನೆ ಕಾದರು. ಇಪ್ಪತ್ತೆರಡು ಸೆಕೆಂಡು ರಾಟೆಯಿಲ್ಲ, ಮಾತಿಲ್ಲ. ಅಷ್ಟಾದ ಮೇಲೆ ತಲೆಯಾಡಿಸಿ "ಬಾ ಒಳಗ" ಎಂದರು. ಆಗಷ್ಟೇ ನೋಟ ಹೊಸ್ತಿಲು ದಾಟಿತು.

ನೋಟದ ಜೊತೆ ನಿಮ್ಮ ಟಿಪ್ಪಣಿಯೂ ಇತ್ತು. ನಡುವೆ ಇಪ್ಪತ್ತೆರಡು ಸೆಕೆಂಡು ಏನೂ ನಡೆಯುವುದಿಲ್ಲ, ಕತ್ತರಿಸುತ್ತೇನೆಂದರೆ ಅಜ್ಜಿ ಬಿಡಲಿಲ್ಲ, ಕೂಸು ಉತ್ತರ ಕೊಡಬ್ಯಾಡೇನು ಎಂದು ಜಗಳ ತೆಗೆದರು, ಶಿಕ್ಷಕರು ದಯವಿಟ್ಟು ಕ್ಷಮಿಸಬೇಕು ಎಂದು ಬರೆದಿದ್ದೀರಿ. ಓದಿ ನನಗೆ ನಗುವೂ ಬಂತು, ಅಳುವೂ ಬಂತು.

ಮಕ್ಕಳಿಗೆ ನಾನು ಏನನ್ನೂ ಹೇಳಿಕೊಡಲಿಲ್ಲ, ಪಟ್ಟಿ ಕಟ್ಟಿ ಆ ಹೊಸ್ತಿಲಲ್ಲಿ ಬಿಟ್ಟೆ. ಮೊದಲ ದಿನ ನೋಟ ಕೆಟ್ಟಿದೆ ಎಂದು ದೂರು ಹೇಳಿದರು. ಎರಡನೇ ದಿನ ಚಡಪಡಿಸಿದರು. ಮೂರನೇ ದಿನ ಇಂಬನಾ ಹಿಂದೆ ತಿರುಗಿ, ಅಜ್ಜಿ ಯಾರನ್ನು ಕೇಳುತ್ತಿದ್ದಾರೆಂದು ಹುಡುಕಿದಳು. ಅಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ದಿನ ಆ ಮೌನದಲ್ಲಿ ಅವಳ ಸಣ್ಣ ದನಿ ಕೇಳಿಸಿತು. ತನ್ನ ಹೆಸರು ಹೇಳಿ, ಇನ್ನೂ ಉಂಡಿಲ್ಲ ಎಂದಳು. ಅಜ್ಜಿ ತಲೆಯಾಡಿಸಿ ಒಳಗೆ ಕರೆದರು. ಪಟ್ಟಿ ಬಿಚ್ಚಿದಾಗ ಮಗುವಿನ ಮುಖ ಅರಳಿತ್ತು, ಆ ಅಜ್ಜಿಗೆ ತಾನು ಕಾಣಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಕರೆಯಿಲ್ಲದಿದ್ದರೂ ಅವಳೊಬ್ಬಳನ್ನೇ ಕರೆದುಕೊಂಡು ಕೆರೆ ಬಳಸಿ ಹೋದೆ. ಕುಸುಮಕ್ಕ ಬಲೆ ಹೆಣೆಯುತ್ತಿದ್ದರು. ಇಲ್ಲಿ ಹಿಡಿಯುವ ಮೀನು ಕಡಿಮೆ, ಆದರೂ ಹೆಣೆದು ಪಳಗಿದ ಕೈ ಸುಮ್ಮನಿರಬೇಕಲ್ಲ. ನಾವು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ, ಏನನ್ನೂ ಕೇಳಲಿಲ್ಲ. ಅವರಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಬೇಕೆಂದು ಕೇಳಲು ನನಗೆ ಮುಖವೂ ಇರಲಿಲ್ಲ. ಇಂಬನಾ ಹೊಸ್ತಿಲಾಚೆ ನಿಂತಳು. ತನ್ನನ್ನು ಯಾರೂ ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಾನೇ ಕೇಳಿದಳು, ಅದೂ ನಿಮ್ಮ ಅಜ್ಜಿಯ ಮಾತಿನಲ್ಲೇ: "ಉಂಡೀಯೇನು, ಅಜ್ಜಿ?"

ಕೇಳಿ, ಕಾದಳು. ನಾನು ಬಾಯಿ ಹಾಕಲು ಹೊರಟವಳು ನಾಲಿಗೆ ಕಚ್ಚಿಕೊಂಡೆ. ಎಷ್ಟು ಹೊತ್ತಾಯಿತೋ ಎಣಿಸಲಿಲ್ಲ, ಇಪ್ಪತ್ತೆರಡಕ್ಕಿಂತ ಬಹಳ ಹೆಚ್ಚು. ಕೊನೆಗೆ ಕುಸುಮಕ್ಕ ಬಲೆ ಕೆಳಗಿಟ್ಟರು.

"ಇನ್ನೂ ಉಂಡಿಲ್ಲೆ ಮಗಾ. ಬಾ, ಒಟ್ಟಿಗೆ ಉಂಬ."

ಮುಂದಿನ ಬಿತ್ತನೆಯಿಂದ ಕೆರೆಯ ಏರಿಯ ಮೇಲೆ ಎರಡೂ ನೆಲೆಗಳಿಗೆ ಒಂದೇ ಅಂಗಳ. ಅದರ ಬಾಗಿಲಿಗೆ ಒಂದು ಎತ್ತರದ ಹೊಸ್ತಿಲು ಇಡಿಸಿದ್ದೇನೆ. ಎಡವುತ್ತಾರೆ ಎಂದು ಬಡಗಿ ಗೊಣಗಿದ, ಎಡವಲಿ ಎಂದೆ.

ನನ್ನದೊಂದು ಕೋರಿಕೆ. ಆ ಟಿಪ್ಪಣಿಯ ಕೊನೆಯ ಸಾಲನ್ನು ಅಳಿಸಿಬಿಡಿ. ನೀವು ಕ್ಷಮೆ ಕೇಳಬೇಕಾದ್ದು ಏನೂ ಇಲ್ಲ, ನಾವು ನಿಮಗೆ ಋಣಿಗಳು. ಅಜ್ಜಿ ಇನ್ನೂ ಅದೇ ಮನೆಯಲ್ಲಿದ್ದರೆ ಒಮ್ಮೆ ಹೋಗಿ, ಬಾಗಿಲಲ್ಲಿ ನಿಂತು ಕೂಗಿ, ಅವರು ಕೇಳಿದ ಮಾತಿಗೆ ಉತ್ತರ ಬಂದಿದೆ ಎಂದು ತಿಳಿಸಿ. ಸ್ವಲ್ಪ ತಡವಾಯಿತು, ನೂರ ಎಪ್ಪತ್ತು ವರ್ಷ.

ಹೆಸರು ಇಂಬನಾ. ಉಂಡಿದ್ದಾಳೆ.

ಇತಿ ತಮ್ಮ,
ಚೆನ್ನಾಂಬಿಕೆ