ನಾಲ್ಕೇ ಜನ ಹೊಡೆಯುವ ಪಿಸ್ತೂಲು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 6.20

ನಲವತ್ತು ಸಲ ಖಾಲಿ ಟ್ರಿಗರ್ ಎಳೆದದ್ದಾಯಿತು. ಗುಂಡಿಲ್ಲ, ಗುರಿಯಿಲ್ಲ — ಬರೀ ಬಿಳಿ ಗೋಡೆ. ಇಪ್ಪತ್ಮೂರು ವರ್ಷದಿಂದ ದಿನಾ ಇದೇ. ಗೋಡೆಗೆ ಬಾಯಿದ್ದಿದ್ದರೆ ಎಂದೋ ಬೈದಿರುತ್ತಿತ್ತು.

ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯುವ ಸೈಟು ನಿಲ್ಲುತ್ತಿಲ್ಲ. ಟಿಕ್ ಅನ್ನುವ ಹೊತ್ತಿಗೆ ಎಡಕ್ಕೆ ಜಾರುತ್ತದೆ. ಟ್ರಿಗರಿನ ಸ್ಪ್ರಿಂಗ್ ಸತ್ತಿರಬೇಕು. ಹಳೇ ಪಿಸ್ತೂಲು, ಪಾಪ, ಅದನ್ನು ಬೈದು ಏನು ಪ್ರಯೋಜನ. ಆದರೂ ತಪ್ಪು ಅದರದ್ದೇ.

ಇವಳು ಟೀ ತಂದಿಟ್ಟಳು. ಮತ್ತೆ ಅರ್ಧ ಲೋಟ. ಒಂದು ವರ್ಷದಿಂದ ಕೈ ಬಿಗಿಮಾಡಿದ್ದಾಳೆ. ಕೇಳಿದರೆ ಬೇಕಾದಷ್ಟು ಸಲ ಹಾಕಿಕೊಡ್ತೀನಿ, ಮೊದಲು ಇದನ್ನು ಕುಡೀರಿ ಅಂತಾಳೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಹತ್ತು ಗುಂಡಿಗೆ ನೂರರಲ್ಲಿ 84. ಮುಂದಿನ ಹತ್ತಕ್ಕೆ 81. ಪಕ್ಕದ ಲೇನಿನ ಹುಡುಗಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವಳು, 95 ಹೊಡೆದು ಬೇಜಾರು ಮಾಡಿಕೊಂಡು ಕೂತಿದ್ದಳು.

ಮೇ ತಿಂಗಳಲ್ಲಿ ಟೀಮಿಗೆ ಆಯ್ಕೆ. ಮೂರು ಜಾಗ, ಮೂವತ್ತೊಂದು ಜನ. ನಾನು ಟೀಮಿನಲ್ಲಿ ಇಲ್ಲದ ವರ್ಷ ಅಂತ ಒಂದೂ ಇಲ್ಲ. ಲ್ಯಾಬಿನಲ್ಲಿ ನಾನು ಯಾರದೋ ಬಾಯಿಗೆ ಹಲ್ಲು ಮಾಡುವವನು, ಹಾಕಿಕೊಂಡವರಿಗೆ ನನ್ನ ಮುಖವೂ ಗೊತ್ತಿಲ್ಲ. ನನ್ನನ್ನು ನಾಲ್ಕು ಜನ ಗುರುತು ಹಿಡಿಯುವುದು ಇಲ್ಲಿ ಮಾತ್ರ.

ಮೀಸೆ ತನ್ನ ಪಿಸ್ತೂಲು ಮಾರುತ್ತಾನಂತೆ. ಕ್ಲಬ್ಬಿನ ಹಿರಿಯ, ಅರವತ್ತೆಂಟು ವಯಸ್ಸು, ಅವನಿಗೆ ಈ ಹೆಸರು ತಂದ ಮೀಸೆಗೆ ಇನ್ನೂ ಮೂವತ್ತು. ಅವನದು ಪಾಯಿಂಟ್ ಮೂವತ್ತೆರಡು ಅಳತೆಯ ಗುಂಡಿನದು. ನಾವೆಲ್ಲ ಹೊಡೆಯುವುದು ಇಪ್ಪತ್ತೆರಡು, ಅದರ ಗುಂಡು ಎಲ್ಲ ಕಡೆ ಸಿಗುತ್ತದೆ. ಮೂವತ್ತೆರಡರ ಗುಂಡು ಬೇಕಾದರೆ ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಬಾಗಿಲು ಕಾಯಬೇಕು. ಆದ್ದರಿಂದ ಯಾರೂ ಆ ಕಡೆ ತಲೆ ಹಾಕುವುದಿಲ್ಲ.

ಅಲ್ಲೇ ತಲೆಗೆ ಹೊಳೆದದ್ದು. ಆ ಕ್ಯಾಲಿಬರ್ ಹೊಡೆಯುವವರು ಮೀಸೆಯನ್ನು ಸೇರಿಸಿ ನಾಲ್ಕೇ ಜನ. ಅದಕ್ಕೂ ಜಾಗ ಮೂರು. ಅವನು ಬಿಟ್ಟರೆ ಉಳಿಯುವುದು ಮೂವರು, ಅದರಲ್ಲೊಬ್ಬ ಹತ್ತಕ್ಕೆ ಎಪ್ಪತ್ತು ದಾಟಿದರೆ ಸಿಹಿ ಹಂಚುವವನು. ನಾನು ಹೋಗಿ ನಿಂತರೆ ಸಾಕು.

ನಾಚಿಕೆಗೇಡಿನ ಲೆಕ್ಕ. ಬರೆದಾಗ ಇನ್ನೂ ನಾಚಿಕೆಗೇಡು.

ಮಾರ್ಚ್ 11, ಮಂಗಳವಾರ. ಲ್ಯಾಬ್, ಊಟದ ಬಿಡುವು

ಬೆಲೆ ಕೇಳಿದೆ. ನನ್ನ ಫರ್ನೇಸಿಗೆ ಇಟ್ಟ ದುಡ್ಡೆಲ್ಲ ಹೋಗುತ್ತದೆ. ಪಿಂಗಾಣಿ ಹಲ್ಲು ಸುಡುವ ಫರ್ನೇಸು. ಅದು ಬಂದರೆ ಸ್ವಂತ ಲ್ಯಾಬ್, ಹಿಂದಿನ ಕೋಣೆಯಲ್ಲಿ. ಇವಳು ಆ ಕೋಣೆಗೆ ಈಗಾಗಲೇ ಪರದೆ ಹೊಲಿದಿದ್ದಾಳೆ.

ಬೇಡ ಅನ್ನುವುದಕ್ಕೆ ಇರುವ ಕಾರಣಗಳು: ದುಡ್ಡು. ಗುಂಡು ಸಿಗಲ್ಲ — ಮೀಸೆ ಪಿಸ್ತೂಲಿನ ಜೊತೆಗೆ ಆರುನೂರು ಕೊಡುತ್ತಾನಂತೆ, ಅದು ಮುಗಿದರೆ ದೇವರೇ ಗತಿ. ಮುಂದೆ ಮಾರೋಣ ಅಂದರೆ ಕೊಳ್ಳುವವರಿಲ್ಲ. ಇವಳು.

ಬೇಕು ಅನ್ನುವುದಕ್ಕೆ ಒಂದೇ ಕಾರಣ. ಮೇ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿರಬೇಕು. ಇದ್ದರೆ ನನಗೇನೂ ಆಗಿಲ್ಲ ಅಂತ.

ಏನು ಆಗಿಲ್ಲ ಅಂತ? ಬರೆಯಲ್ಲ.

ಮಾರ್ಚ್ 16, ಭಾನುವಾರ. ಸಂಜೆ 5

ಹೊಡೆದು ನೋಡಿದೆ. 93. ತೊಂಬತ್ಮೂರು!

ಭಾರೀ ತೂಕದ ಪಿಸ್ತೂಲು. ಎತ್ತಿ ಹಿಡಿದರೆ ಹಾಗೇ ಕೂರುತ್ತದೆ, ತೇಲುವುದಿಲ್ಲ. ಸೈಟು ಗೂಟ ಹೊಡೆದಂತೆ ನಿಂತಿತು. ನೋಡಿ, ನಾನು ಹೇಳಲಿಲ್ಲವಾ, ಹಳೇದರ ಸ್ಪ್ರಿಂಗೇ ಕಾರಣ.

ಮೀಸೆ ಹಿಂದೆ ನಿಂತು ನೋಡುತ್ತಿದ್ದ. ಹಿಡಿ ನನಗೆ ಹೊಂದುತ್ತಿಲ್ಲವಂತೆ, ಅದು ಅವನ ಅಂಗೈಗೆ ಕೆತ್ತಿದ ಮರ, ನನ್ನ ಕೈ ಅಳತೆಗೆ ಬೇರೆ ಮಾಡಿಸಬೇಕಂತೆ. ಮಾಡಿಸುವುದೇನು, ನಾನೇ ಮಾಡುತ್ತೇನೆ. ಹಲ್ಲಿನ ಅಚ್ಚು ತೆಗೆಯುವ ಹಿಟ್ಟಿನಲ್ಲಿ ಕೈಯ ಅಚ್ಚು ತೆಗೆದರೆ ಮುಗೀತು. ನನ್ನ ಕಸುಬೇ ಅದು.

ಏಪ್ರಿಲ್ 20ರವರೆಗೆ ಬೇರೆ ಯಾರಿಗೂ ಕೊಡಲ್ಲ ಅಂದ. ಆಯ್ಕೆಯ ಅರ್ಜಿಗೂ ಅದೇ ಕೊನೇ ದಿನ. ಇವಳಿಗೆ ಹೇಳಬೇಕು. ನಾಳೆ.

ಮಾರ್ಚ್ 18, ಮಂಗಳವಾರ. ಸಂಜೆ

ಎಲ್ಲರೂ ಹೊರಟ ಮೇಲೆ ಲ್ಯಾಬಿನಲ್ಲಿ ಅಚ್ಚು ತೆಗೆದೆ. ಹಿಟ್ಟು ಕಲಸಿ, ಕೋಲಿಗೆ ಮೆತ್ತಿ, ಪಿಸ್ತೂಲು ಹಿಡಿದಂತೆ ಹಿಡಿದು ನಿಂತೆ. ಮೂರು ನಿಮಿಷ, ಗಟ್ಟಿಯಾಗುವ ತನಕ. ಬಿಡಿಸಿ ನೋಡಿದರೆ ಬೆರಳಿನ ಗೆರೆಗಳೆಲ್ಲ ಎರಡೆರಡು. ಅಂಚು ಕಲಸಿಹೋಗಿದೆ.

ಹಿಟ್ಟಿನ ಡಬ್ಬಿ ತಾರೀಖು ಮೀರಿರಬೇಕು.

ಮಾರ್ಚ್ 19, ಬುಧವಾರ

ಹೊಸ ಡಬ್ಬಿ. ಸೀಲು ನಾನೇ ಒಡೆದೆ. ಮತ್ತೆ ಎರಡೆರಡು ಗೆರೆ. ಕೈಯನ್ನು ಮೇಜಿಗೆ ಆನಿಸಿ ಮೂರನೇ ಸಲ. ಅದೇ.

ದಿನಕ್ಕೆ ಒಂದಾದರೂ ಇಂಥದ್ದು ಕ್ಲಿನಿಕ್ಕಿನಿಂದ ಬರುತ್ತದೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ಚೀಟಿ ಬರೆದು ವಾಪಸ್ ಕಳಿಸುತ್ತೇನೆ: 'ರೋಗಿ ಅಲುಗಾಡಿದ್ದಾರೆ, ಇನ್ನೊಮ್ಮೆ ತೆಗೆಯಿರಿ.' ಇಪ್ಪತ್ತು ವರ್ಷದಲ್ಲಿ ನನ್ನ ಮಾತು ಒಂದು ಸಲವೂ ತಪ್ಪಾಗಿಲ್ಲ. ಹಿಟ್ಟು ಸುಳ್ಳು ಹೇಳುವುದಿಲ್ಲ.

ಮೂರೂ ಅಚ್ಚುಗಳನ್ನು ಕಸದಲ್ಲಿ ತಳಕ್ಕೆ ಹೂತೆ, ಲ್ಯಾಬಿನ ಯಜಮಾನರ ಕಣ್ಣಿಗೆ ಬೀಳದಂತೆ. ಅವರಿಗೆ ಗೊತ್ತಾದರೆ ಬ್ಲೇಡು ಹಿಡಿದು ಹಲ್ಲು ಕೆತ್ತುವ ಕೆಲಸ ಯಾರಿಗೆ ಹೋಗುತ್ತದೆ...

ಏಪ್ರಿಲ್ 6, ಭಾನುವಾರ

ಹದಿನೆಂಟು ದಿನ ಬರೆಯಲಿಲ್ಲ. ನನ್ನ ಅಕ್ಷರವನ್ನೇ ನೋಡಲು ಧೈರ್ಯ ಸಾಲಲಿಲ್ಲ.

ಅವತ್ತು ಬರೆಯದೆ ಬಿಟ್ಟದ್ದು: ಮೀಸೆಯ ಪಿಸ್ತೂಲಿನಲ್ಲಿ ಮೊದಲ ಹತ್ತಕ್ಕೆ 93. ಆಮೇಲಿನ ಹತ್ತಕ್ಕೆ 79. ತೂಕಕ್ಕೆ ತೋಳು ಸೋತ ಮೇಲೆ ನಡುಕ ಇನ್ನೂ ಜಾಸ್ತಿ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದೆ. ನನ್ನಂಥ ಮಳ್ಳ ಇನ್ನೊಬ್ಬನಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಶುರುವಾದದ್ದು ಅಂತ ಕೇಳಿದೆ. ನಲವತ್ತೇಳು ಅಂದಳು. ಆಮೇಲೆ, "ಯಾಕೋ, ನಿನಗೂ ಬಂತಾ?" ಅಂದಳು.

ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದ. ದಾರ ಹಿಡಿದು ಗೆರೆ ಹಾಕಿಕೊಳ್ಳದೆ ಅಕ್ಷರ ಕೂರಿಸುತ್ತಿದ್ದ. ನಲವತ್ತೇಳಕ್ಕೆ ಕುಂಚ ನಡುಗಿತು. ಕುಡುಕ ಅಂದರು, ಜನ್ಮದಲ್ಲಿ ಕುಡಿದವನಲ್ಲ. ಕೊನೆಕೊನೆಗೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದ. ಅಕ್ಕ ತುತ್ತು ಕೊಡುತ್ತಿದ್ದಳು. ಆಗ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ನನಗೀಗ ನಲವತ್ತಾರು. ಭಯವಾಗುತ್ತಿದೆ.

ಏಪ್ರಿಲ್ 8, ಮಂಗಳವಾರ. ಬೆಳಗ್ಗೆ 11.30

ಡಾಕ್ಟರು ಕಾಗದದ ಮೇಲೆ ಸುರುಳಿ ಬರೆಯಲು ಹೇಳಿದರು. ಬರೆದೆ. ಇಬ್ಬರೂ ನೋಡಿದೆವು. ಗೆರೆ ಗರಗಸದ ಹಲ್ಲಿನಂತಿತ್ತು.

ಮನೆತನದಲ್ಲಿ ಬರುವ ಕೈನಡುಕ, ಪ್ರಾಣಕ್ಕೇನೂ ಭಯವಿಲ್ಲ ಅಂದರು. ಚಿಕ್ಕದೊಂದು ಬಿಳಿ ಮಾತ್ರೆ, ತುಂಬ ಜನಕ್ಕೆ ಹಿಡಿಸುತ್ತದೆ, ಇನ್ನೂ ಎಷ್ಟೋ ವರ್ಷ ಹಲ್ಲು ಮಾಡಬಹುದು ಅಂದರು. ಅಪ್ಪನ ಕಾಲದಲ್ಲೂ ಇತ್ತಾ ಅಂತ ಕೇಳಿದೆ. ಇತ್ತಂತೆ. ನಾವೇ ಯಾರೂ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ವಯಸ್ಸು ಅಂದುಕೊಂಡೆವು. ನಲವತ್ತೇಳಕ್ಕೆ ವಯಸ್ಸು.

ಮಾತ್ರೆಯ ಹೆಸರು ನೋಡಿದೆ. ನನಗೆ ಗೊತ್ತಿದ್ದ ಹೆಸರೇ. ಕ್ಲಬ್ಬಿನ ಗೋಡೆಯ ಮೇಲೆ ವರ್ಷಗಟ್ಟಲೆ ನೋಡಿದ ಪಟ್ಟಿಯಲ್ಲಿದೆ — ನಿಷೇಧಿತ ಔಷಧಿಗಳು. ಓಡುವವರು ತಿಂದರೆ ಯಾರೂ ಕೇಳಲ್ಲ. ನಮ್ಮ ಆಟದಲ್ಲಿ ಮಾತ್ರ ಅದು ಕಳ್ಳತನ, ಕೈ ನಿಲ್ಲಿಸುವುದೇ ನಮ್ಮ ಆಟವಾದ್ದರಿಂದ.

ಡಾಕ್ಟರಿಗೆ ಹೇಳಿದೆ. ಪತ್ರ ಬರೆದುಕೊಡುತ್ತೇನೆ ಅಂದರು. ನಮ್ಮ ಕ್ಲಬ್ಬು ಪತ್ರಕ್ಕೆ ಬಗ್ಗುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು ಬಿಡಿ ಅಂದರು, ಶರ್ಟು ಬಿಚ್ಚಿ ಅಂದಷ್ಟು ಸಲೀಸಾಗಿ.

ಏಪ್ರಿಲ್ 10, ಗುರುವಾರ. ಸಂಜೆ

ಎರಡು ದಿನವಾಯಿತು ಮಾತ್ರೆ ಶುರುಮಾಡಿ. ಇವತ್ತು ಮುಂದಿನ ಹಲ್ಲೊಂದರ ಮೇಣದ ಮಾದರಿ ಒಂದೇ ಸಲಕ್ಕೆ ಕೂತಿತು. ಯಜಮಾನರು ಬೆಳಕಿಗೆ ಹಿಡಿದು ನೋಡಿ, ಏನಪ್ಪಾ ವಯಸ್ಸು ಹಿಂದಕ್ಕೆ ಹೋಗ್ತಾ ಇದೆ ಅಂದರು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಖುಷಿಗೋ ಏನೋ ಗೊತ್ತಿಲ್ಲ.

ಈಗ ಇನ್ನೊಂದು ಯೋಚನೆ. ಕೆಟ್ಟ ಯೋಚನೆ. ಇಪ್ಪತ್ತೆರಡರಲ್ಲಿ ಗೆದ್ದವರ ಮೂತ್ರ ಪರೀಕ್ಷೆ ಮಾಡುತ್ತಾರೆ. ಮೂವತ್ತೆರಡರ ಮೂರು ಜನರನ್ನು ಯಾರು ಕೇಳುತ್ತಾರೆ? ಇವತ್ತಿನವರೆಗೆ ಮೀಸೆಯ ಬಾಟಲಿ ಯಾರೂ ತುಂಬಿಸಿಕೊಂಡಿಲ್ಲ. ಮಾತ್ರೆಯೂ ಇರಲಿ, ಪಿಸ್ತೂಲೂ ಇರಲಿ. ಕೆಲಸವೂ ಉಳಿಯುತ್ತದೆ, ಪಟ್ಟಿಯಲ್ಲಿ ಹೆಸರೂ. ಯಾರ ಗಂಟು ಹೋಯಿತು?

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ 3

ಬೆಳಗ್ಗೆ ಮಾತ್ರೆ ನುಂಗಿ ರೇಂಜಿಗೆ ಹೋದೆ. ಮೀಸೆಯ ಪಿಸ್ತೂಲು. ಮೊದಲ ಹತ್ತು, 96. ಎರಡನೇ ಹತ್ತು, 97.

ಇಪ್ಪತ್ಮೂರು ವರ್ಷದಲ್ಲಿ 97 ನನ್ನ ಕೈಯಿಂದ ಬಂದಿರಲಿಲ್ಲ. ಸೈಟು ನಿಂತಲ್ಲೇ ನಿಂತಿದೆ. ಒಳಗೆ ಏನೂ ಇಲ್ಲ. ಎದೆ ಹೊಡೆದುಕೊಳ್ಳುತ್ತಿಲ್ಲ, ಬಾಯಿ ಒಣಗುತ್ತಿಲ್ಲ. ನನ್ನ ಬದಲು ಬೇರೆ ಯಾರೋ ಹೊಡೆದು ಹೋದ ಹಾಗಿತ್ತು.

ಹಿಂದೆ ತಿರುಗಿದೆ. ಮೀಸೆ ಗುರಿ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದ. ಹತ್ತಿರ ಬಂದು ಬೆಂಚಿನ ಮೇಲೆ ಕೂತ.

"ಯಾವಾಗಿಂದ ತಗೋತಿದೀಯ?"

ಏನನ್ನು ಅಂದೆ.

"ನಂದೂ ಅದೇ ಮಾತ್ರೆ, ಹಾರ್ಟಿಗೆ. ಡಾಕ್ಟ್ರು ಹೋದ ವರ್ಷ ಬೇಸಿಗೆ ಕಳೆದಾಗ ಶುರುಮಾಡಿದ್ರು. ಮಾರನೇ ವಾರ ಇಲ್ಲಿ ನಿಂತು 98 ಹೊಡೆದೆ. ಇಷ್ಟು ವರ್ಷ ಅದಕ್ಕೇ ಒದ್ದಾಡಿದ್ನಲ್ಲ, ಬಂತು. ಗುರಿ ಹಾಳೆ ಮಡಚಿ ಜೇಬಲ್ಲಿಟ್ಕೊಂಡು ಮನೆಗೆ ಹೋದೆ. ಹೆಂಡ್ತಿಗೂ ತೋರಿಸ್ಲಿಲ್ಲ."

ಪಿಸ್ತೂಲು ಮಾರುತ್ತಿರುವುದು ಅದಕ್ಕೇ ಅಂದ. ಯಾರಿಗೂ ಹೇಳಲ್ಲ ಅಂದ. ನಿನಗೆ ಬೇಕಂದರೆ ಈಗಲೂ ಕೊಡುತ್ತೇನೆ, ನೀನೇನು ಎಳೇಮಗುವಾ ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನೂ ತಿರುಗಿಸಿ ಬೈದು, ದುಡ್ಡು ಬಿಸಾಕಿ, ಪಿಸ್ತೂಲು ಎತ್ತಿಕೊಂಡು ಬರುತ್ತಿದ್ದೆ.

ಏಪ್ರಿಲ್ 14, ಸೋಮವಾರ. ಸಂಜೆ 7

ಇವಳಿಗೆ ಎಲ್ಲ ಹೇಳಿಬಿಟ್ಟೆ. ಪಿಸ್ತೂಲು, ಫರ್ನೇಸಿನ ದುಡ್ಡು, ಮಾತ್ರೆ, ಮೀಸೆ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು, ಕಾಲು ತೆಗೆಯಲಿಲ್ಲ. ದುಡ್ಡಿನ ಸುದ್ದಿಗೆ ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. ಅದರ ಮಾತೇ ಎತ್ತಲಿಲ್ಲ.

"ಕೈ ವಿಷಯ ನನಗೆ ಹೋದ ವರ್ಷವೇ ಗೊತ್ತು. ಲೋಟ ತುಂಬ ಕೊಟ್ರೆ ಚೆಲ್ತೀರ. ಚೆಲ್ಲಿದ್ರೆ ಇಡೀ ದಿನ ಮುಖ ಒಂಥರಾ ಮಾಡ್ಕೊಂಡಿರ್ತೀರ. ಅದಕ್ಕೇ ಅರ್ಧರ್ಧ ಕೊಡ್ತಿದ್ದೆ."

ಒಂದು ವರ್ಷ. ಜಿಪುಣಿ ಅಂತ ನಾನು ಆಡಿಕೊಂಡ ವರ್ಷ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀವಾಗಿ ಹೇಳಲಿ ಅಂತ ಕಾದೆ ಅಂದಳು.

ಆಮೇಲೆ ಕೇಳಿದಳು, ಕೊಳ್ಳುತ್ತೀರಾ ಅಂತ. ಗೊತ್ತಿಲ್ಲ ಅಂದೆ. ಕೊಳ್ಳಬೇಕು ಅಂದರೆ ಕೊಳ್ಳಿ, ನಾನು ಬೇಡ ಅನ್ನಲ್ಲ, ಆದರೆ ಇನ್ನೊಂದು ಕದ್ದುಮುಚ್ಚಿ ಮಾಡುವುದನ್ನು ಈ ಮನೆಗೆ ತರಬೇಡಿ ಅಂದಳು. ದಾರ ಕಚ್ಚಿ ಕಿತ್ತಳು. ಮಾತು ಮುಗಿಯಿತು.

ಬಿಟ್ಟರೆ ನಾನು ಯಾರು? ಭಾನುವಾರ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ? ಆ ಗೋಡೆಯ ಮುಂದೆ ಏನು ಮಾಡಲಿ? ಮಾತ್ರೆ ಬಿಟ್ಟರೆ ಬ್ಲೇಡು ಬಿಡಬೇಕು. ಬ್ಲೇಡು ಬಿಟ್ಟರೆ ಮನೆ ನಡೆಯುವುದಿಲ್ಲ.

ಏಪ್ರಿಲ್ 17, ಗುರುವಾರ

ಮೂರು ದಿನ ಮಾತ್ರೆ ಬಿಟ್ಟು ನೋಡಿದೆ. ಮೂರು ಹಲ್ಲು ಕೂಡಿಸಿ ಮಾಡಿದ ಒಂದು ಬ್ರಿಜ್ಜು ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಎರಡು ತುಂಡು. ಯಜಮಾನರು ಎತ್ತಿ ತಮ್ಮ ಮೇಜಿಗೆ ತೆಗೆದುಕೊಂಡು ಹೋದರು.

ಸಂಜೆ ಮತ್ತೆ ನುಂಗಿದೆ.

ಏಪ್ರಿಲ್ 19, ಶನಿವಾರ. ಸಂಜೆ 4.10

ಮೀಸೆಗೆ ಐದಕ್ಕೆ ಬರುತ್ತೇನೆ ಅಂತ ಹೇಳಿದ್ದೇನೆ. ಚೆಕ್ಕು ಬರೆದು ಜೇಬಲ್ಲಿದೆ. ಹೌದು, ಬರೆದಿದ್ದೇನೆ. ಬೆಳಗ್ಗೆಯೇ. ಇವಳ ಎದುರಿಗೇ.

ಆಯ್ಕೆಯ ಅರ್ಜಿ ಮುಂದಿದೆ. ಹೆಸರು, ವಯಸ್ಸು, ಎಷ್ಟು ವರ್ಷದ ಅನುಭವ — 23. ಕ್ಯಾಲಿಬರ್ — .32 ಅಂತ ಬರೆದೆ. ಮಸಿ ಇನ್ನೂ ಒಣಗಿಲ್ಲ.

ಏಳನೇ ಕಾಲಂ: ಈಗ ತೆಗೆದುಕೊಳ್ಳುತ್ತಿರುವ ಔಷಧಿ. ಪ್ರತಿ ವರ್ಷ 'ಯಾವುದೂ ಇಲ್ಲ' ಅಂತ ಗೀಚಿ ಮುಂದೆ ಹೋಗಿದ್ದೇನೆ. ಎರಡು ಪದ, ಎರಡು ಸೆಕೆಂಡು. ಒಂದು ಇಂಚಿನ ಜಾಗ. ಯಾರೂ ಓದುವುದೂ ಇಲ್ಲ.

ಮೇಲೆ ಬರೆದ ನನ್ನ ಹೆಸರು ನೋಡಿದೆ. ಎಷ್ಟು ಚಂದದ ಅಕ್ಷರ. ಎರಡು ವರ್ಷದಿಂದ ನಾನು ಹೀಗೆ ಬರೆದಿಲ್ಲ. ಕೈ ನಡುಗುತ್ತಿದ್ದಿದ್ದರೆ 'ಯಾವುದೂ ಇಲ್ಲ' ಅನ್ನಬಹುದಿತ್ತು, ಅದು ನಿಜವೂ ಆಗಿರುತ್ತಿತ್ತು. ಇಷ್ಟು ಸ್ಥಿರವಾದ ಕೈಯಲ್ಲಿ ಆ ಸುಳ್ಳನ್ನು ಹೇಗೆ ಬರೆಯುವುದು?

4.40

ಬರೆದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ. ಒಂದಕ್ಷರವೂ ಜಾರಲಿಲ್ಲ. ಈ ಅರ್ಜಿ ತಿರುಗಿ ಬರುತ್ತದೆ, ನನಗೆ ಗೊತ್ತು. ಆದರೂ ಕೊಡುತ್ತೇನೆ.

ಚೆಕ್ಕು ಹರಿದೆ. ಇನ್ನು ಮೀಸೆಗೆ ಹೇಳಬೇಕು. ಫೋನಿನಲ್ಲಿ ಆಗಲ್ಲ, ಎದುರಿಗೇ ಹೋಗಬೇಕು. ಹೋದರೆ ಪೆಟ್ಟಿಗೆ ತೆರೆದು ಇಟ್ಟಿರುತ್ತಾನೆ. ಒಂದು ಸಲ ಹಿಡಿದು ನೋಡು ಅಂತಾನೆ. ಹಿಡಿಯಬಾರದು. ಹಿಡಿದರೆ ಕೆಳಗಿಡುವುದಕ್ಕೆ ಮನಸ್ಸು ಬರಲ್ಲ.