ಮಾವ ಹೆಗಲ ಮೇಲೆ ತಂದದ್ದೇನು?

ಅರಸೀಕೆರೆ
ಫೆಬ್ರವರಿ ಮೂವತ್ತೊಂದು, ೨೨೩೯

ಪೂಜ್ಯರೂ ಚಿರಂಜೀವಿಯೂ ಆದ ಸಿಂಚನಾ ಅವರಿಗೆ ನಮಸ್ಕಾರ, ಜೊತೆಗೆ ಆಶೀರ್ವಾದ.

ಎರಡನ್ನೂ ಒಟ್ಟಿಗೆ ಬರೆದದ್ದಕ್ಕೆ ಕ್ಷಮೆಯಿರಲಿ. ನಮಗೆ ಸಿಕ್ಕಿರುವ ನಿಮ್ಮ ವಿಡಿಯೋದಲ್ಲಿ ಕೇಳುವ ದನಿಗೆ ಇಪ್ಪತ್ತೊಂದರ ಮೇಲೆ ವಯಸ್ಸಿರಲಾರದು, ನನಗೆ ನಲವತ್ಮೂರು. ಆದರೆ ನೀವು ಹುಟ್ಟಿದ್ದು ನನಗಿಂತ ನೂರ ತೊಂಬತ್ತು ವರ್ಷ ಮೊದಲು. ಇಂಥವರ ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ಎಪ್ಪತ್ತು ವರ್ಷ ಚಳವಳಿ ನಡೆದು, ಕೊನೆಗೆ ಅದಕ್ಕೂ ಮೂವತ್ತೊಂದು ದಿನ ಕೊಟ್ಟೆವು. ಕಾಗದ ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಅದು ಹಿಂದಿನ ಕಾಲಕ್ಕೆ ಮಾತ್ರ ಹೋಗುವ ಅಂಚೆ, ಉತ್ತರ ತರುವುದಿಲ್ಲ. ಹಾಗಾಗಿ ಬೈಯಲು ಬಹಳ ಅನುಕೂಲ.

ಬೈಯುವ ಮೊದಲು ನನ್ನ ಪರಿಚಯ. ಹೆಸರು ಚಂದ್ರಯ್ಯ, ಊರಿನ ಗಾಯನಶಾಲೆಯಲ್ಲಿ ತುಣುಕುಗಾನದ ಮೇಷ್ಟ್ರು. ನಿಮ್ಮ ಕಾಲದ ದೊಡ್ಡ ಗಾಯಕರು ಪೂರ್ತಿ ಹಾಡಿದ್ದೆಲ್ಲ ಪಾಸ್‌ವರ್ಡು ಹಾಕಿದ ಕಪಾಟುಗಳಲ್ಲಿತ್ತು. ಪಾಸ್‌ವರ್ಡು ಗೊತ್ತಿದ್ದವರು ಸತ್ತರು, ಕಪಾಟು ಉಳಿಯಿತು. ನಮಗೆ ಸಿಕ್ಕಿದ್ದು ನೀವೆಲ್ಲ ಫೋನಿನ ಸ್ಟೇಟಸ್ಸಿಗೆ ಹಾಕುತ್ತಿದ್ದ ತುಣುಕುಗಳು ಮಾತ್ರ, ಒಂದೊಂದೂ ಮೂವತ್ತು ಸೆಕೆಂಡು. ಪಾಪ, ನಮ್ಮ ವಿದ್ವಾಂಸರು ಹಾಡೆಂದರೆ ಮೂವತ್ತು ಸೆಕೆಂಡಿನದೇ ಎಂದು ನಂಬಿ ಅದರ ಮೇಲೆ ಶಾಸ್ತ್ರ ಕಟ್ಟಿದರು. ಪದದ ನಡುವೆ ಕತ್ತರಿಸಿದಂತೆ ನಿಲ್ಲಿಸುವುದಕ್ಕೆ ಕಡಿಬಿಂದು ಎಂದು ಹೆಸರು. ಅದನ್ನು ಸಾಧಿಸಲು ಎಂಟು ವರ್ಷ ಬೇಕು. ನನ್ನ ಕಡಿಬಿಂದುವಿಗೆ ಜಿಲ್ಲಾ ಪ್ರಶಸ್ತಿ ಬಂದಿದೆ. ಈಗ ಆ ಫಲಕ ಕಂಡರೆ ಮೈ ಉರಿಯುತ್ತದೆ.

ಪ್ರಪಂಚದ ಹಾಡುಗಳೆಲ್ಲ ನಮ್ಮಲ್ಲಿಗೆ ಬಂದದ್ದು ಹೀಗೇ. ಆಲ್ಪ್ಸ್ ಬೆಟ್ಟದಲ್ಲೊಬ್ಬ ಕಂಠ ಒಡೆದು ಒಡೆದು ಆಚೆ ಗುಡ್ಡದವನನ್ನು ಕೂಗುತ್ತಾನೆ. ಆಚೆಯವನು ಓಗೊಡುವ ಮೊದಲೇ ತುಣುಕು ಮುಗಿಯುತ್ತದೆ. ಮಂಗೋಲಿಯಾದ ಕುದುರೆಗಾರನೊಬ್ಬ ಒಂದೇ ಗಂಟಲಲ್ಲಿ ಎರಡು ದನಿ ಹೊರಡಿಸುತ್ತಿದ್ದ. ಯಂತ್ರ ಕೆಟ್ಟಿದೆಯೆಂದು ನಾವು ಮೂರು ಸಲ ರಿಪೇರಿ ಮಾಡಿಸಿದೆವು. ಇಟಲಿಯ ಹೆಂಗಸೊಬ್ಬಳು ವೇದಿಕೆಯ ಮೇಲೆ ಎದೆ ಹಿಡಿದುಕೊಂಡು ಸಾಯುತ್ತಾ ಹಾಡುತ್ತಾಳೆ. ಸತ್ತಳೋ ಉಳಿದಳೋ ಇವತ್ತಿಗೂ ತಿಳಿಯದು. ಕವ್ವಾಲಿಯವರ ಮೂವತ್ತು ಸೆಕೆಂಡು ಶಾಲು ಸರಿಮಾಡಿ, ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುವುದರಲ್ಲೇ ಕಳೆದಿದೆ. ನಮ್ಮ ಮಕ್ಕಳು ಅದನ್ನೇ ಕವ್ವಾಲಿಯೆಂದು ಕಲಿತು ಬಹಳ ಭಕ್ತಿಯಿಂದ ಕೆಮ್ಮುತ್ತಾರೆ. ಹಿಂದೂಸ್ತಾನಿಯ ಆಲಾಪ ಕೇಳಿ, ಉತ್ತರದವರ ಭಾಷೆಯಲ್ಲಿ ‘ಆ’ ಬಿಟ್ಟರೆ ಬೇರೆ ಅಕ್ಷರವಿರಲಿಲ್ಲ ಎಂದು ಒಬ್ಬರು ಡಾಕ್ಟರೇಟು ಪಡೆದರು.

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ. ತಾಳ್ಮೆ ಕೆಟ್ಟದ್ದು ನಿಮ್ಮಿಂದ.

ನಿಮ್ಮ ತುಣುಕು ನಮ್ಮ ಶಾಲೆಯ ಮೊದಲ ಪಾಠ. ಅಡುಗೆಮನೆ, ನೆಲದ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತ ನಿಮ್ಮ ಕೆಂಪಜ್ಜಿ. ಕೆಳಗೆ ‘ನಮ್ಮಜ್ಜಿ ಜೋಗುಳ, ಇಂತಿ ಸಿಂಚನಾ, ಅರಸೀಕೆರೆ’ ಎಂದು ಬರೆದಿದೆ. ಅಜ್ಜಿ ಹಾಡುತ್ತಾರೆ:

ಸಂತೆಗೆ ಹೋದ ಮಾವಯ್ಯ
ಸಂಜೆಗೆ ಬಂದ ಮಾವಯ್ಯ
ಅಳದೇ ಇರುವ ಕಂದಂಗೆ
ಹೆಗಲ ಮ್ಯಾಲೆ ತಂದಾನು ಒಂದು—

ಅಷ್ಟಕ್ಕೇ ನೀವು, “ಸಾಕಜ್ಜಿ, ಬಂತು!” ಎನ್ನುತ್ತೀರಿ. ಮುಗಿಯಿತು. ನಡುವೆ ಕುಕ್ಕರ್ ಒಂದು ಸಲ ಕೂಗುತ್ತದೆ; ನಮ್ಮ ವಿದ್ಯಾರ್ಥಿಗಳು ಅದನ್ನೂ ಶ್ರುತಿಶುದ್ಧವಾಗಿ ಕೂಗುತ್ತಾರೆ. ‘ಸಾಕಜ್ಜಿ, ಬಂತು’ ಎಂಬುದು ವಾಗ್ಗೇಯಕಾರರ ಅಂಕಿತವೆಂದು ತಿಳಿದು ಕೈ ಮುಗಿಯುತ್ತಾರೆ.

ಈಗ ನಮ್ಮ ಮನೆಯ ಸಂಕಟ ಕೇಳಿ. ನಮ್ಮಲ್ಲಿ ಹೆಸರಿಡುವ ದಿನ ಸೋದರಮಾವ ತೊಟ್ಟಿಲು ತೂಗಿ, ಯಂತ್ರವಿಲ್ಲದೆ ಬಾಯಲ್ಲೇ ಈ ಜೋಗುಳ ಹಾಡಿ ಮಗುವನ್ನು ಮಲಗಿಸಬೇಕು. ಮಲಗಿದ ಮಗುವಿನ ಕಿವಿಯಲ್ಲೇ ಹೆಸರು ಹೇಳುವುದು. ಎಲ್ಲರ ಮಕ್ಕಳೂ ಮೂರನೇ ಆವರ್ತಕ್ಕೆ ಬೇಸರದಿಂದಲಾದರೂ ನಿದ್ದೆ ಹೋಗುತ್ತವೆ. ನನ್ನ ತಂಗಿ ಇಂದುಧರೆಯ ಮಗಳು ಹೋಗುವುದಿಲ್ಲ. ‘ತಂದಾನು ಒಂದು’ ಎನ್ನುವವರೆಗೆ ಕಣ್ಣು ಎಳೆಯುತ್ತದೆ, ನಾನು ಪ್ರಶಸ್ತಿವಿಜೇತ ಕಡಿಬಿಂದು ಹಾಕುತ್ತೇನೆ, ಮಗು ಪಟ್ಟನೆ ಕಣ್ಣು ತೆರೆದು ನನ್ನ ಹೆಗಲು ನೋಡುತ್ತದೆ. ಮೊದಲು ಬಲ ಹೆಗಲು, ಆಮೇಲೆ ಎಡ ಹೆಗಲು. ಏನೂ ಇಲ್ಲ. ಆಮೇಲೆ ಅಳು.

“ಅಣ್ಣಾ, ಮುಂದಿಂದು ಹಾಡೋ” ಎಂದಳು ಇಂದುಧರೆ.

“ಮುಂದಿಂದು ಅಂತ ಏನೂ ಇಲ್ಲ ಕಣೇ. ಹಾಡೇ ಅಷ್ಟು.”

“ತಂದ ಅಂತೀಯ, ಏನು ತಂದ ಅಂತ ಹೇಳಲ್ಲ. ಯಾವ ಸೀಮೆ ಮಾವನೋ ನೀನು?”

ಇನ್ನೂರು ವರ್ಷದ ವಿದ್ವತ್ತು ಆ ಒಂದು ಮಾತಿಗೆ ಕುಸಿದು ಬಿತ್ತು. ಹಾಡು ಅರ್ಧಕ್ಕೆ ನಿಂತಿದೆಯೆಂಬುದು ನಮ್ಮ ಯಾವ ಪಂಡಿತರಿಗೂ ಹೊಳೆದಿರಲಿಲ್ಲ. ಹಲ್ಲು ಬಾರದ ಕೂಸು ಅದನ್ನು ಕಂಡುಹಿಡಿದಿತ್ತು.

ಪೂರಣಿಯನ್ನು ಕೇಳಿದೆವು. ಅರ್ಧ ಕೊಟ್ಟರೆ ಉಳಿದರ್ಧ ಹೆಣೆದು ಕೊಡುವ ಯಂತ್ರ ಅದು. ಒಂದೇ ಉಸಿರಿಗೆ ನಾನೂರು ಸಾಲು ಕೊಟ್ಟಿತು: ಗಿಣಿ, ಗಿಲಕಿ, ಬೆಳ್ಳಿ ಬಟ್ಟಲು, ಚಂದಿರ. ಎಲ್ಲ ಹಾಡಿದೆ. ಚಂದಿರನ ಸಾಲಿಗೆ ಮಗು ನಕ್ಕಿತು, ಆದರೆ ಮೋಸಗಾರನನ್ನು ಕಂಡು ನಗುವ ನಗು ಅದು. ನಮ್ಮವ್ವ, “ನಿನ್ನ ಗಂಟಲಿಗೆ ಗಿಣಿಯೂ ಹಾರಿಹೋಗ್ತದೆ ಬಿಡಪ್ಪ” ಎಂದು ನನ್ನ ವಿದ್ಯೆಯನ್ನು ಸನ್ಮಾನಿಸಿದರು. ಮಗುವಿಗೆ ಈಗ ಹದಿನಾಲ್ಕು ತಿಂಗಳು, ಇನ್ನೂ ಹೆಸರಿಲ್ಲ. ಮನೆಯಲ್ಲಿ ‘ಪಾಪು’, ಆಸ್ಪತ್ರೆಯ ಚೀಟಿಯಲ್ಲಿ ಬರೀ ಗೀಟು. ಹಾಡು ಕೇಳಿ ತಾನೇ ತೊಟ್ಟಿಲಿಂದ ಇಳಿದು, ನನ್ನ ಹೆಗಲು ತಡವಿ ನೋಡಿ, ತಲೆಯಾಡಿಸಿ ನಡೆದುಬಿಡುತ್ತದೆ. ಬರುವ ತಿಂಗಳು ಶಿಶುಮನೆಗೆ ಸೇರಿಸಬೇಕು. ಹೆಸರಿಲ್ಲದೆ ಸೇರಿಸಿಕೊಳ್ಳುವುದಿಲ್ಲವಂತೆ. ಮಲಗಿದೆಯೆಂದು ಸುಳ್ಳು ಹೇಳಿ ಹೆಸರಿಟ್ಟುಬಿಡೋಣ ಎಂದು ಮಗುವಿನ ಅಪ್ಪ ಸೂಚಿಸಿದರು. ಇಂದುಧರೆ ಒಪ್ಪಲಿಲ್ಲ: “ನನ್ನ ಮಗಳ ಹೆಸರೂ ಅರ್ಧಂಬರ್ಧ ಆಗ್ಬೇಕಾ?”

ಆದ್ದರಿಂದ, ಮಾನ್ಯರೇ, ನನ್ನ ಕೋರಿಕೆ ಇಷ್ಟೇ. ಈ ಕಾಗದ ನಿಮ್ಮ ಕೈ ಸೇರುವುದು ಆ ಮಧ್ಯಾಹ್ನವೇ, ನೀವು ತುಣುಕು ಹಾಕಿ ಎಷ್ಟು ಜನ ನೋಡಿದರೆಂದು ಎಣಿಸುತ್ತಾ ಕೂತಿರುವಾಗ. ಹದಿನೇಳು ಜನ ನೋಡುತ್ತಾರೆ, ನಾನೇ ಹೇಳಿಬಿಟ್ಟೆ, ಫೋನು ಕೆಳಗಿಡಿ. ಎದ್ದು ಅಡುಗೆಮನೆಗೆ ಹೋಗಿ. ಮತ್ತೆ ವಿಡಿಯೋ ಮಾಡಬೇಡಿ, ಅದೂ ಮೂವತ್ತಕ್ಕೇ ನಿಲ್ಲುತ್ತದೆ. ಅಜ್ಜಿಯ ಪಕ್ಕ ಕೂತು, ನಾಲ್ಕು ಅವರೆಕಾಯಿ ಬಿಡಿಸಿಕೊಡುತ್ತಾ, “ಆಮೇಲೆ?” ಎಂದು ಕೇಳಿ. ಅವರು ಹಾಡಿದ್ದನ್ನು ನೀವೂ ಹಾಡಿ ಕಲಿಯಿರಿ. ನಿಮ್ಮ ದನಿ ಚೆನ್ನಾಗಿಲ್ಲದಿದ್ದರೂ ನಡೆಯುತ್ತದೆ, ನನ್ನದೇ ನಡೆಯುತ್ತಿದೆಯಲ್ಲ. ಮುಂದೆ ಯಾವುದಾದರೂ ಮಗುವಿಗೆ ಹಾಡಿ. ಅದು ಇನ್ನೊಂದಕ್ಕೆ ಹಾಡಲಿ. ಬಾಯಿಂದ ಬಾಯಿಗೆ ನಡೆದುಕೊಂಡು ನಮ್ಮ ಮನೆಯವರೆಗೆ ಬರಲಿ. ನಾವು ಕಾಯುತ್ತೇವೆ, ಹದಿನಾಲ್ಕು ತಿಂಗಳು ಕಾದಿದ್ದೇವೆ.

ಇನ್ನೊಂದು ಮಾತು. ನಿಮ್ಮ ತುಣುಕಿನ ಕೊನೆಯ ಚಿತ್ರವನ್ನು ನಾನು ಸಾವಿರ ಸಲ ನೋಡಿದ್ದೇನೆ. ಅಜ್ಜಿ ಫೋನನ್ನು ನೋಡುತ್ತಿಲ್ಲ, ನಿಮ್ಮನ್ನು ನೋಡುತ್ತಿದ್ದಾರೆ. ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ. ಮುಂದಿನ ಪದಕ್ಕೆಂದು ತೆರೆದ ಬಾಯಿ ಇನ್ನೂರ ಹದಿಮೂರು ವರ್ಷದಿಂದ ತೆರೆದೇ ಇದೆ.

ಹಾಡಲು ಬಿಡಿ ತಾಯಿ.

ಇಂತಿ, ಬರಿಗೈಯ ಸೋದರಮಾವ
ಚಂದ್ರಯ್ಯ