ಪತ್ರಿಕೆಯಲ್ಲಿ ಬಂದ ಮಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೂಜಿ,

ವರ್ಷಕ್ಕೊಂದು ಕಾರ್ಡಿನಲ್ಲಿ ‘ಎಲ್ಲರೂ ಕ್ಷೇಮ’ ಎಂದು ಬರೆದು ಕೈತೊಳೆದುಕೊಳ್ಳುವವಳು ಇದ್ದಕ್ಕಿದ್ದಂತೆ ಇಷ್ಟು ದಪ್ಪ ಕವರು ಕಳಿಸಿದ್ದಾಳೆಂದರೆ ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ ಕಣೇ. ಅಮ್ಮ ಇದ್ದಾಳೆ. ಇದ್ದಾಳೆ ಅಷ್ಟೆ. ಕಳೆದ ವರ್ಷದಿಂದ ಅವಳ ನೆನಪು ಒಂದೊಂದಾಗಿ ಕಳಚಿಹೋಗುತ್ತ ಬಂತು. ಮೊದಲು ದಾರಿಗಳು, ಆಮೇಲೆ ವಾರಗಳು, ಆಮೇಲೆ ಚಮಚ ಹಿಡಿಯುವ ರೀತಿ. ಚಳಿ ಶುರುವಾದ ಮೇಲೆ ಮಾತೂ ನಿಂತಿತ್ತು. ಬೆಳಿಗ್ಗೆ ಕಿಟಕಿಯ ಹತ್ತಿರ ಕೂರಿಸಿದರೆ ಸಂಜೆಯವರೆಗೆ ಎದುರುಮನೆಯ ಗೋಡೆ ನೋಡುತ್ತಿರುತ್ತಾಳೆ. ಒಂದು ಕಾಲದಲ್ಲಿ ಊರಿನ ಅರ್ಧ ಗೋಡೆಗಳ ಸಿನಿಮಾ ಪೋಸ್ಟರುಗಳಲ್ಲಿ ಅವಳದೇ ಮುಖ ಇತ್ತು. ಈಗ ಗೋಡೆಗೂ ಅವಳಿಗೂ ಪರಿಚಯವೇ ಇಲ್ಲ.

ಎರಡು ವಾರದ ಹಿಂದೆ ಒಬ್ಬ ಹುಡುಗಿ ಬಂದಿದ್ದಳು. ಹಳೆಯ ಸಿನಿಮಾದವರು ಪರದೆಯ ಹೊರಗೆ ಹೇಗೆ ಬದುಕುತ್ತಿದ್ದರು ಎಂದು ಪುಸ್ತಕ ಬರೆಯುತ್ತಾಳಂತೆ. ಮುಚ್ಚಿಹೋದ ಒಂದು ಸಿನಿಮಾ ಪತ್ರಿಕೆಯ ಗೋದಾಮಿನಿಂದ ಫೋಟೋಗಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದಿದ್ದಾಳೆ. ಅಮ್ಮನ ಮಂಚದ ಮೇಲೆ ಒಂದೊಂದಾಗಿ ಹರಡಿದಳು. ನೀನು ನೋಡಬೇಕಿತ್ತು ಸೂಜಿ! ಅಮ್ಮ ತಲೆಯ ಮೇಲೆ ಕಿರೀಟ ಇಟ್ಟುಕೊಂಡು ಮಗುಚಿದ ಬಕೆಟ್ಟಿನ ಮೇಲೆ ಕೂತು ತಗಡಿನ ತಟ್ಟೆಯಲ್ಲಿ ಊಟ ಮಾಡುತ್ತಿದ್ದಾಳೆ. ಇನ್ನೊಂದರಲ್ಲಿ ಮದುಮಗಳ ಉಡುಪಿನಲ್ಲಿಯೇ ಮರದ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಗಾಢ ನಿದ್ದೆ, ಪಕ್ಕದಲ್ಲಿ ವಿಲನ್ ಕೂತು ಅವಳ ಮುಖದ ನೊಣ ಓಡಿಸುತ್ತಿದ್ದಾನೆ. ಮತ್ತೊಂದರಲ್ಲಿ ಜನಸಾಗರ, ಕಾರಿನ ಗಾಜಿಗೆ ಅಂಟಿಕೊಂಡ ಅಂಗೈಗಳು, ಒಳಗೆ ಅಮ್ಮ ಹರಿದ ತೋಳನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಇನ್ನೊಂದು ಕೈ ಬೀಸುತ್ತಿದ್ದಾಳೆ. ನಾನು ಜೀವನಪೂರ್ತಿ ಫೋಟೋ ಸ್ಟುಡಿಯೋದಲ್ಲಿ ಕೂತು ಬೇರೆಯವರ ಫೋಟೋಗಳ ಕಲೆ, ಮಚ್ಚೆ, ಸುಕ್ಕು ತಿದ್ದಿದವಳು. ಆದರೆ ಆ ಫೋಟೋಗಳನ್ನು ಯಾರೂ ತಿದ್ದಿರಲಿಲ್ಲ. ಅಮ್ಮನಿಗೆ ಆಗ ಎಷ್ಟು ಸುಸ್ತಾಗುತ್ತಿತ್ತೆಂದು ನನಗೆ ಗೊತ್ತಾಗಿದ್ದು ಈಗಲೇ.

ಅಮ್ಮ ಯಾವುದಕ್ಕೂ ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಆ ಹುಡುಗಿ ‘ತಾರೆಯ ಮನೆಯಂಗಳ’ ಎಂಬ ಲೇಖನಕ್ಕೆ ತೆಗೆದ ಫೋಟೋ ಹೊರಗೆ ತೆಗೆದಳು. ನಿನಗೆ ಗೊತ್ತು ಯಾವುದೆಂದು.

ಅದು ನಿನ್ನ ನೆನಪಿನಲ್ಲಿ ಎಷ್ಟು ಉಳಿದಿದೆಯೋ ತಿಳಿಯದು. ಇಬ್ಬರಿಗೂ ಆರು ವರ್ಷ. ಪತ್ರಿಕೆಯವರು ಬರುತ್ತಾರೆಂದು ಹಿಂದಿನ ದಿನವೇ ಸಿನಿಮಾ ಸ್ಟುಡಿಯೋದಿಂದ ಫ್ರಿಜ್ಜು, ರೇಡಿಯೋ, ಸೋಫಾ ಬಂದಿದ್ದವು. ಫ್ರಿಜ್ಜಿಗೆ ಒಳಭಾಗವೇ ಇರಲಿಲ್ಲ, ಬರೀ ಬಾಗಿಲು. ಗೋಡೆಯ ತೇವದ ಕಲೆಯ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದರು. ಕೆಳಮನೆಯಲ್ಲಿ ನಿಮ್ಮಪ್ಪ ನನಗೆಂದು ಹೂವಿನ ಫ್ರಾಕ್ ಹೊಲಿದಿದ್ದರು, ನನ್ನ ಕುಂಟುಕಾಲಿಗೆ ಹಾಕಿದ್ದ ಕಬ್ಬಿಣದ ಪಟ್ಟಿ ಕಾಣದ ಹಾಗೆ ಎರಡು ಬೆರಳು ಉದ್ದ ಜಾಸ್ತಿ ಬಿಟ್ಟು. ನಾನು ಅದನ್ನು ಹಾಕಿಕೊಂಡು ಬೆಳಿಗ್ಗೆಯಿಂದ ಕೂತಿದ್ದೆ, ಮಡಿಕೆ ಮುದುಡಬಾರದೆಂದು ಬೆನ್ನೂ ಒರಗಿಸದೆ.

ಫೋಟೋದವನು ನನ್ನನ್ನು ಅಮ್ಮನ ಪಕ್ಕ ನಿಲ್ಲಿಸಿದ, ಕೂರಿಸಿದ, ಮತ್ತೆ ನಿಲ್ಲಿಸಿದ. ಆಮೇಲೆ ಅಮ್ಮನನ್ನು ಆಚೆ ಕರೆದು ಮೆಲ್ಲಗೆ ಹೇಳಿದ. ಮೆಲ್ಲಗೆ ಎಂದರೂ ನನಗೆ ಕೇಳಿಸಿತು.

“ಮೇಡಂ, ತಪ್ಪು ತಿಳ್ಕೋಬೇಡಿ. ಜನ ನಿಮ್ಮನ್ನ ನೋಡಿ ಆಸೆ ಪಡ್ಬೇಕು, ಅಯ್ಯೋ ಪಾಪ ಅನ್ಬಾರ್ದು. ಬೇರೆ ಯಾವುದಾದ್ರೂ ಮಗು ಸಿಗುತ್ತಾ?”

ಅಮ್ಮ ಒಳಗೆ ಬಂದು ನನ್ನ ಮುಂದೆ ಮಂಡಿಯೂರಿ ಕೂತು ಫ್ರಾಕಿನ ಗುಂಡಿ ಒಂದೊಂದೇ ಬಿಚ್ಚಿದಳು. “ಒಂದು ಗಳಿಗೆ ಗುಬ್ಬಿ, ಸೂಜಿಗೆ ಒಂದು ಗಳಿಗೆ ಹಾಕಿ ಕೊಡೋಣ” ಎಂದಳು. ನಿನ್ನ ಮೈಗೆ ಅದು ಬಿಗಿಯಾಯಿತು, ನೀನು ನನಗಿಂತ ದಪ್ಪ. ಬೆನ್ನ ಹಿಂದೆ ಹೊಲಿಗೆ ಬಿಚ್ಚಿ ಪಿನ್ನು ಹಾಕಿದರು. ಫೋಟೋದಲ್ಲಿ ನೀನು ಅಷ್ಟು ನೆಟ್ಟಗೆ ನಿಂತಿರುವುದು ಪಿನ್ನಿನ ಭಯಕ್ಕೆ. ಅಮ್ಮ ನಿನ್ನ ಕೆನ್ನೆಗೆ ಕೆನ್ನೆ ತಾಗಿಸಿ ನಗುತ್ತಿದ್ದಾಳೆ. ಎಂಥ ನಗು ಕಣೇ! ಅದನ್ನು ನೋಡಿದ ಯಾರಾದರೂ ತಾಯಿ ಮಗಳೆಂದೇ ಆಣೆಯಿಡುತ್ತಾರೆ.

ಒಂದು ಗಳಿಗೆಗೆ ಎಂದು ಕೊಟ್ಟಿದ್ದು ಮರಳಿ ಬರಲಿಲ್ಲ. ಪತ್ರಿಕೆ ಹೊರಬಂದ ವಾರದಿಂದಲೇ ಅಂಚೆಯವನು ‘ತಾರೆಯ ಪುಟ್ಟ ಮಗಳಿಗೆ’ ಎಂದು ಬರೆದ ಗೊಂಬೆಗಳನ್ನು ಹೊತ್ತುಕೊಂಡು ಬರತೊಡಗಿದ. ನಿಮ್ಮಪ್ಪನ ಅಂಗಡಿಯ ಮುಂದೆ ಅದೇ ಫ್ರಾಕ್ ಬೇಕೆಂದು ತಾಯಂದಿರ ಸಾಲು. ಊರಿಗೆಲ್ಲ ಮಗಳ ಮುಖ ಗೊತ್ತಾಗಿಬಿಟ್ಟಿತ್ತು, ಅದು ನನ್ನ ಮುಖವಾಗಿರಲಿಲ್ಲ. ಇನ್ನು ಅಮ್ಮ ನನ್ನ ಕೈಹಿಡಿದು ಹೊರಗೆ ಹೋಗುವುದಾದರೂ ಹೇಗೆ? ಸ್ಕೂಲಿನ ಹಿಂದಿನ ಬೀದಿಯಲ್ಲಿ ಕಾರು ನಿಲ್ಲಿಸಿ ಇಳಿಸುತ್ತಿದ್ದಳು. ಟೀಚರ್ ಕೇಳಿದರೆ ದೂರದ ನೆಂಟರ ಮಗು ಎನ್ನಬೇಕಿತ್ತು. ಅಮ್ಮನ ಹೊಸ ಚಿತ್ರದ ಮೊದಲ ಆಟಕ್ಕೆ ನಿನ್ನನ್ನು ಕರೆದುಕೊಂಡು ಹೋದರು, ಮತ್ತೊಂದಕ್ಕೂ ಹೋದರು. ನೀನು ಬಂದು ಎಲ್ಲ ಹೇಳುತ್ತಿದ್ದೆ, ಬೆಳಕು, ಹೂವು, ಐಸ್‌ಕ್ರೀಮು. ನನಗೂ ಒಂದು ಕಪ್ಪು ಬಚ್ಚಿಟ್ಟುಕೊಂಡು ಬರುತ್ತಿದ್ದೆ, ತಲುಪುವಷ್ಟರಲ್ಲಿ ಅದು ಪೂರ್ತಿ ಹಾಲಾಗಿರುತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆವು. ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದೇ ಇಲ್ಲ ಸೂಜಿ. ಬಂದಿದ್ದರೆ ಬದುಕು ಸ್ವಲ್ಪ ಸುಲಭವಾಗುತ್ತಿತ್ತೇನೋ.

ನಿಮ್ಮಪ್ಪ ಅಂಗಡಿ ಮುಚ್ಚಿ ನಿನ್ನನ್ನು ದೂರದ ಊರಿಗೆ ಕರೆದುಕೊಂಡು ಹೋದದ್ದೇಕೆಂದು ನೀನು ಒಂದು ಕಾರ್ಡಿನಲ್ಲಿ ಕೇಳಿದ್ದೆ. ನಾನು ಉತ್ತರಿಸಿರಲಿಲ್ಲ. ಈಗ ಅವರಿಲ್ಲ, ಹೇಳಬಹುದು. ಒಂದು ಬೆಳಿಗ್ಗೆ ಮೇಲೆ ಬಂದರು, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

“ನೀವು ಕೆಟ್ಟೋರಲ್ಲಮ್ಮ” ಎಂದರು. “ಆದ್ರೆ ನಿನ್ನೆ ಚಿತ್ರಮಂದಿರದ ಬಾಗಿಲಲ್ಲಿ ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ನಿಂತಿದ್ದೆ. ಜನ ಇದ್ರು. ಅವಳು ನನ್ನ ನೋಡಿ ಮುಖ ತಿರುಗಿಸಿದ್ಲು. ಅಪ್ಪಾ ಅನ್ಲಿಲ್ಲ. ನನಗೆ ಇರೋಳು ಅವಳೊಬ್ಳು.”

ಅವರು ಇಳಿದುಹೋದ ಮೇಲೆ ಅಮ್ಮ ಅಲ್ಲೇ ನೆಲದ ಮೇಲೆ ಕೂತು ಬಹಳ ಅತ್ತಳು. ಅದಾದ ಮೇಲೆ ಯಾವ ಪತ್ರಿಕೆಯವರನ್ನೂ ಮನೆಯೊಳಗೆ ಬಿಡಲಿಲ್ಲ. ‘ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ’ ಎಂದು ಹೇಳಿಕಳಿಸುತ್ತಿದ್ದಳು. ನಾನು ಒಳಗಿನ ಕೋಣೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿರುತ್ತಿದ್ದೆ. ನೀನು ಇದನ್ನು ಓದಿ ನೊಂದುಕೊಳ್ಳಬೇಡ. ಆರು ಏಳು ವರ್ಷದ ಮಗು, ದೊಡ್ಡವರು ಹಾಕಿದ ವೇಷವನ್ನು ಎಲ್ಲಿ ಕಳಚಬೇಕೆಂದು ಅದಕ್ಕೇನು ಗೊತ್ತು?

ಆಮೇಲಿನದು ನಿನಗೆ ಗೊತ್ತಿದೆ. ಹೊಸ ಮುಖಗಳು ಬಂದವು, ಅಮ್ಮ ನಾಯಕಿಯಿಂದ ಅಕ್ಕ, ಅಕ್ಕನಿಂದ ಅತ್ತೆ ಆದಳು, ಕೊನೆಗೆ ಏನೂ ಆಗಲಿಲ್ಲ. ಯಾರೂ ಗುರುತು ಹಿಡಿಯದ ಹಾಗಾದ ಮೇಲೆಯೇ ಅವಳು ನನ್ನ ಜೊತೆ ಬೀದಿಯಲ್ಲಿ ನಡೆದದ್ದು. ಆ ವರ್ಷಗಳಲ್ಲಿ ನಮಗೆ ಸುಖವಿತ್ತು. ಸಂಜೆ ನನ್ನ ಸ್ಟುಡಿಯೋದ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ನನ್ನ ಚೀಲ ಅವಳು ಹಿಡಿಯುತ್ತಿದ್ದಳು, ನನ್ನ ನಿಧಾನಕ್ಕೆ ತನ್ನ ಹೆಜ್ಜೆ ಸರಿಮಾಡಿಕೊಳ್ಳುತ್ತಿದ್ದಳು. ಆ ಫೋಟೋದ ಮಾತು ಮಾತ್ರ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಕೇಳು. ಪುಸ್ತಕದ ಹುಡುಗಿ ಫೋಟೋ ಮೇಲೆತ್ತಿ, ನನ್ನ ಕಡೆ ತಿರುಗಿ, “ಇದು ನೀವೇ ಅಲ್ವಾ ಮೇಡಂ? ಎಷ್ಟು ಮುದ್ದಾಗಿದೀರ!” ಎಂದಳು. ಅಭ್ಯಾಸ ನೋಡು, ನಾನು ಹೌದೆಂದೆ. ಆಗ ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಅಮ್ಮ ಮಾತಾಡಿದಳು.

“ಇವರಲ್ಲ. ಇವರು ನನಗೆ ಊಟ ಮಾಡಿಸೋರು. ಇದು ನನ್ನ ಮಗಳು, ಗುಬ್ಬಿ.”

“ಅಮ್ಮಾ, ನಾನೇ ಗುಬ್ಬಿ” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಷ್ಟು ಸೌಜನ್ಯದಿಂದ ಹೇಳಿದಳು ಗೊತ್ತಾ? “ನೀವು ತುಂಬ ಒಳ್ಳೆಯವರಮ್ಮ. ಸ್ವಲ್ಪ ನನ್ನ ಮಗಳನ್ನ ಕರೀತೀರಾ?”

ಹೆತ್ತ ತಾಯಿಯ ಬಾಯಲ್ಲಿ ‘ನೀವು’ ಎಂದು ಕರೆಸಿಕೊಳ್ಳುವುದು ಏನೆಂದು ನಿನಗೆ ಬರೆದು ತಿಳಿಸಲಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ಫೋಟೋ ಅವಳ ದಿಂಬಿನ ಕೆಳಗಿದೆ. ನನ್ನ ಸಣ್ಣವಯಸ್ಸಿನ ಫೋಟೋಗಳನ್ನು ತೋರಿಸಿದೆ. ಇರುವುದೇ ಎರಡು, ಎರಡರಲ್ಲೂ ಕುತ್ತಿಗೆಯಿಂದ ಮೇಲೆ ಮಾತ್ರ. “ಯಾರ ಮಗು ಇದು? ಪಾಪ” ಎಂದು ಪಕ್ಕಕ್ಕಿಟ್ಟಳು. ಗಂಜಿ ತಂದರೆ ಒಂದೆರಡು ಗುಟುಕು ನುಂಗಿ “ಗುಬ್ಬಿ ಬರ್ಲಿ” ಎಂದು ತುಟಿ ಬಿಗಿಯುತ್ತಾಳೆ. ಡಾಕ್ಟರು ಬಂದು ನೋಡಿ, ಮೂಗಿಗೆ ನಳಿಕೆ ಹಾಕಿ ಹಿಂಸೆ ಕೊಡುವುದು ಬೇಡ, ಕೇಳಿದ್ದು ಕೊಟ್ಟು ಖುಷಿಯಾಗಿಡಿ ಎಂದು ಹೋದರು. ಕೇಳುತ್ತಿರುವುದು ನಿನ್ನನ್ನು.

ಬರುತ್ತೀಯಾ ಸೂಜಿ? ಮೊಮ್ಮಕ್ಕಳನ್ನು ಬಿಟ್ಟು ಬರುವುದು ಕಷ್ಟವೆಂದು ಗೊತ್ತು. ಎರಡು ದಿನ ಸಾಕು. ಬಾಗಿಲಲ್ಲಿ ‘ಗುಬ್ಬಿ ಬಂದಳು’ ಎಂದು ನಾನೇ ಹೇಳುತ್ತೇನೆ, ಅವಳು ನಿನ್ನನ್ನು ಗುಬ್ಬಿ ಎಂದು ಕರೆಯುತ್ತಾಳೆ. ಓಗೊಡು. ನನ್ನ ಎದುರು ಹೇಗೆಂದು ಸಂಕೋಚಪಡಬೇಡ. ನಾನು ಗಂಜಿಯ ಬಟ್ಟಲು ನಿನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತೇನೆ. ನಿನ್ನ ಕೈಯಿಂದ ನಾಲ್ಕು ಚಮಚ ಅವಳ ಹೊಟ್ಟೆಗೆ ಹೋದರೆ ನನಗೆ ಅಷ್ಟೇ ಸಾಕು. ನನಗೇನೂ ಬೇಜಾರಿಲ್ಲ. ಈ ವಯಸ್ಸಿನಲ್ಲಿ ಎಂಥ ಬೇಜಾರು?

ಬರುವ ರೈಲು ಯಾವುದೆಂದು ತಿಳಿಸು. ನಿಲ್ದಾಣಕ್ಕೆ ಬರಲಾರೆ, ಅಮ್ಮನನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ. ಆಟೋ ಕಳಿಸುತ್ತೇನೆ.

ನಿನ್ನವಳೇ ಆದ,
ಗುಬ್ಬಿ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ. ಆದರೆ ನೀನು ತಯಾರಾಗಿ ಬರಬೇಕಲ್ಲ. ಅಮ್ಮ ಆ ಫೋಟೋ ಹಿಡಿದು ಕೇಳುವುದು ಒಂದೇ ಮಾತು. “ಇದರಲ್ಲಿ ನೋಡಿ, ಎಷ್ಟು ಚೆನ್ನಾಗಿ ನಿಂತಿದಾಳೆ! ಗುಬ್ಬಿ ಕಾಲು ಸರಿಹೋಯ್ತಲ್ವಾ?” ನಿನ್ನೆ ನಾನು ನನ್ನ ಊರುಗೋಲನ್ನು ಮಂಚದ ಕೆಳಗೆ ಸರಿಸಿ, “ಹೌದಮ್ಮ, ಪೂರ್ತಿ ಸರಿಹೋಗಿದೆ” ಎಂದೆ. “ಕಣ್ಣಾರೆ ನೋಡ್ಬೇಕು” ಎಂದಳು. ಅದಕ್ಕೇ ಕೇಳುತ್ತಿದ್ದೇನೆ, ಬಂದ ಕೂಡಲೇ ಅವಳ ಹತ್ತಿರ ಕೂರಬೇಡ. ಅವಳು ನೋಡುವ ಹಾಗೆ ಆ ಕೋಣೆಯಲ್ಲಿ ಸ್ವಲ್ಪ ನಡೆದಾಡು.